ಕಡಲಿಗೆ ಕಳಿಸುವ ಮುನ್ನ ಕಡಲಿನ ವಿಷಯ ಹೇಳಿ: ಮೈಸೂರು, ಮಂಡ್ಯದ ಪ್ರವಾಸ ಏಜೆನ್ಸಿಗಳಿಗೆ ಒಂದು ಬಹಿರಂಗ ಪತ್ರ

ಮೈಸೂರು ಮತ್ತು ಮಂಡ್ಯ ಜಿಲ್ಲೆಗಳಲ್ಲಿ ವಿದೇಶ ಪ್ರವಾಸದ ಪ್ಯಾಕೇಜ್ ಮಾರುವ ಏಜೆನ್ಸಿಗಳ ಮಾಲೀಕರಿಗೆ ಹಾಗೂ ಸಿಬ್ಬಂದಿಗೆ,

ಮಾನ್ಯರೇ, ನಮಸ್ಕಾರ.

ನಾನು ಮಂಡ್ಯದವಳು. ಡಿಸೆಂಬರ್ ಕೊನೆಯ ರಜೆಯಲ್ಲಿ ನಮ್ಮ ಮನೆಯವರೆಲ್ಲ ಇಂಡೋನೇಷ್ಯಾದ ಕೊಮೊಡೊ ರಾಷ್ಟ್ರೀಯ ಉದ್ಯಾನಕ್ಕೆ ಹೋಗಿದ್ದೆವು. ಅಮ್ಮ, ಅಣ್ಣ, ಅತ್ತಿಗೆ, ಅವರ ಮಗ, ನಾನು. ಮೈಸೂರಿನ ಒಂದು ಏಜೆನ್ಸಿಯ ಮೂಲಕ ಬುಕ್ ಮಾಡಿದ್ದೆವು. ಆ ಏಜೆನ್ಸಿಯ ಹೆಸರು ಇಲ್ಲಿ ಬರೆಯುವುದಿಲ್ಲ. ಅವರ ಜೊತೆಗಿನ ಲೆಕ್ಕ ಬೇರೆ ಕಡೆ ನಡೆಯುತ್ತದೆ. ಈ ಪತ್ರ ನಿಮಗೆಲ್ಲರಿಗೂ. ಯಾಕೆಂದರೆ ವಾಪಸ್ ಬಂದ ಮೇಲೆ ನಮ್ಮ ಎರಡೂ ಊರುಗಳ ಬೇರೆ ಏಜೆನ್ಸಿಗಳ ಕರಪತ್ರಗಳನ್ನೂ ತರಿಸಿ ಓದಿದೆ. ನಾನು ನೋಡಿದ ಎಲ್ಲದರಲ್ಲೂ ನೀಲಿ ನೀರು, ಬಿಳಿ ಹಡಗು, ಗುಲಾಬಿ ಮರಳಿನ ಚಿತ್ರ ಇದೆ. ದೋಣಿ ಎಂಥದ್ದು, ಯಾವ ತಿಂಗಳಲ್ಲಿ ಕಡಲು ಹೇಗಿರುತ್ತದೆ, ಆ ಕಾಡಿನ ಕಟ್ಟುಪಾಡು ಏನು, ಇದು ಒಂದರಲ್ಲೂ ಇಲ್ಲ.

ಯಾರೂ ಅಲ್ಲಿಗೆ ಹೋಗಬೇಡಿ ಅನ್ನುವುದು ನನ್ನ ಮಾತಲ್ಲ. ಅದು ನೋಡಲೇಬೇಕಾದ ಜಾಗ. ಫ್ಲೋರೆಸ್ ಮತ್ತು ಸುಂಬಾವಾ ದ್ವೀಪಗಳ ನಡುವೆ ಕೊಮೊಡೊ, ರಿಂಚಾ, ಪಾದಾರ್ ಎಂಬ ಮೂರು ದೊಡ್ಡ ದ್ವೀಪಗಳು, ಸುತ್ತ ಲೆಕ್ಕವಿಲ್ಲದಷ್ಟು ಸಣ್ಣ ದ್ವೀಪಗಳು. ಕೊಮೊಡೊ ಡ್ರ್ಯಾಗನ್ ಎಂಬ ದೈತ್ಯ ಉಡಗಳ ನೆಲೆಯಾದ ಇದು 1980ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. 1991ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆ ಪಟ್ಟಿಗೆ ಸೇರಿತು. ಫ್ಲೋರೆಸ್‌ನ ಪಶ್ಚಿಮ ತುದಿಯ ಲಬುವಾನ್ ಬಾಜೊ ಎಂಬ ಬಂದರಿನಿಂದ ದೋಣಿ ಹತ್ತಬೇಕು. ಹಗಲು ದ್ವೀಪಗಳಲ್ಲಿ ಇಳಿದು ನಡೆಯುವುದು, ನೀರಿಗಿಳಿದು ಹವಳ ನೋಡುವುದು, ರಾತ್ರಿ ದೋಣಿಯಲ್ಲೇ ಮಲಗುವುದು. ಊಟ, ಸ್ನಾನ, ನಿದ್ದೆ ಎಲ್ಲ ನೀರಿನ ಮೇಲೆಯೇ. ಅದಕ್ಕೇ ನಾನು ಇಷ್ಟು ಒತ್ತಿ ಹೇಳುತ್ತಿರುವುದು. ಊರಿನ ಹೋಟೆಲ್ ಸರಿಯಿಲ್ಲದಿದ್ದರೆ ಬ್ಯಾಗ್ ಎತ್ತಿಕೊಂಡು ಪಕ್ಕದ ಹೋಟೆಲಿಗೆ ಹೋಗಬಹುದು. ರಾತ್ರಿ ಹತ್ತು ಗಂಟೆಗೆ ನಡುಗಡಲಲ್ಲಿ ದೋಣಿ ಸರಿಯಿಲ್ಲ ಅಂತ ಗೊತ್ತಾದರೆ ಎಲ್ಲಿಗೆ ಹೋಗುವುದು?

ನಮಗೆ ಮಾರಿದ್ದು 'ಮೂರು ಹಗಲು, ಎರಡು ರಾತ್ರಿಯ ಲಕ್ಷುರಿ ಕ್ರೂಸ್'. ಅಮ್ಮನಿಗೆ ಬಿ.ಪಿ. ಇದೆ, ಬಸ್ಸಿನಲ್ಲಿ ಕೂತರೂ ಕೆಲವು ಸಲ ವಾಂತಿ ಆಗುತ್ತದೆ ಅಂತ ಮೊದಲೇ ಹೇಳಿದ್ದೆ. "ಏನೂ ಯೋಚನೆ ಮಾಡ್ಬೇಡಿ ಮೇಡಂ, ದೊಡ್ಡ ಹಡಗು, ಅಲ್ಲಾಡೋದೇ ಇಲ್ಲ" ಅಂದರು. ಬಂದರಿಗೆ ಹೋದರೆ ನಿಂತಿದ್ದದ್ದು ಮರದ ದೋಣಿ. ಮರದ ದೋಣಿ ಕೆಟ್ಟದ್ದು ಅಂತ ಹೇಳುತ್ತಿಲ್ಲ. ಅಲ್ಲಿ ಅದನ್ನು ಪಿನಿಸಿ ಅನ್ನುತ್ತಾರೆ. ದಕ್ಷಿಣ ಸುಲಾವೆಸಿಯ ಬಡಗಿಗಳು ತಲೆಮಾರುಗಳಿಂದ ಕಟ್ಟುತ್ತಾ ಬಂದ ದೋಣಿ. ಆ ಕಸುಬನ್ನು ಯುನೆಸ್ಕೋ 2017ರಲ್ಲಿ ತನ್ನ ಪರಂಪರೆ ಪಟ್ಟಿಗೆ ಸೇರಿಸಿದೆ. ಇಷ್ಟನ್ನು ಹೇಳಿದ್ದರೆ ನಾವು ಹೆಮ್ಮೆಯಿಂದಲೇ ಹತ್ತುತ್ತಿದ್ದೆವು. ಬೇರೆ ಯಾವುದೋ ಹಡಗಿನ ಫೋಟೋ ತೋರಿಸಿ ದುಡ್ಡು ತೆಗೆದುಕೊಂಡಿದ್ದು ತಪ್ಪು.

ಈಗ ಕಾಲದ ವಿಷಯ. ಆ ಭಾಗದಲ್ಲಿ ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಮಳೆಗಾಲ. ಜನವರಿ, ಫೆಬ್ರವರಿಯಲ್ಲಿ ಗಾಳಿ, ಅಲೆ ಎರಡೂ ಜಾಸ್ತಿ. ಏಪ್ರಿಲ್‌ನಿಂದ ನವೆಂಬರ್‌ವರೆಗೆ ಒಣ ಕಾಲ. ಆಗಲೂ ಜುಲೈ, ಆಗಸ್ಟ್‌ನಲ್ಲಿ ದಕ್ಷಿಣದ ಗಾಳಿ ಜೋರಾಗಿ ಬೀಸುತ್ತದೆ. ಇದು ಗುಟ್ಟಿನ ವಿಷಯವಲ್ಲ, ಲಬುವಾನ್ ಬಾಜೊದ ಯಾವ ದೋಣಿಯವರನ್ನು ಕೇಳಿದರೂ ಹೇಳುತ್ತಾರೆ. ನಮ್ಮ ಕಡೆ ಮಕ್ಕಳಿಗೆ ರಜೆ ಸಿಗುವುದು ಡಿಸೆಂಬರ್ ಕೊನೆಗೆ ಅಂತ ಅಲ್ಲಿನ ಮಳೆ ಗಾಳಿ ಕಾಯುವುದಿಲ್ಲ ಅಲ್ವಾ? ಮಳೆಗಾಲಕ್ಕೂ ಅದರದೇ ಚೆಂದ ಇದೆ. ಬೇಸಿಗೆಯಲ್ಲಿ ಒಣಗಿ ಕಂದಾಗುವ ಗುಡ್ಡಗಳು ಆಗ ಹಸಿರಾಗಿರುತ್ತವೆ. ಮಂಟಾ ಎಂಬ ದೊಡ್ಡ ತೊರಕೆ ಮೀನುಗಳು ಆಗ ಹೆಚ್ಚು ಕಾಣುತ್ತವೆ ಅನ್ನುತ್ತಾರೆ. ಆದರೆ ಗಾಳಿ ಎದ್ದರೆ ಬಂದರಿನ ಅಧಿಕಾರಿ ದೋಣಿಗಳಿಗೆ ಹೊರಡಲು ಪರವಾನಗಿ ಕೊಡುವುದಿಲ್ಲ. ನಮಗೂ ಹಾಗೇ ಆಯಿತು. ಮೊದಲ ದಿನ ಬಂದರು ಮುಚ್ಚಿತ್ತು. ಹೋಟೆಲಿನ ಖರ್ಚು ನಮ್ಮ ತಲೆಗೆ ಬಂತು, ದೋಣಿಯ ಎರಡು ರಾತ್ರಿ ಒಂದಾಯಿತು. ಮೈಸೂರಿಗೆ ಫೋನ್ ಮಾಡಿದರೆ "ಹವಾಮಾನ ನಮ್ಮ ಕೈಲಿಲ್ಲ ಮೇಡಂ, ರೀಫಂಡ್ ಇಲ್ಲ" ಅಂದರು. ಹವಾಮಾನ ನಿಮ್ಮ ಕೈಲಿಲ್ಲ, ಒಪ್ಪಿದೆ. ಅದನ್ನು ಮೊದಲೇ ತಿಳಿಸುವುದು ನಿಮ್ಮ ಕೈಲೇ ಇತ್ತು.

ಬಂದರು ಮುಚ್ಚಿದ್ದಕ್ಕೆ ನಮ್ಮ ಜೊತೆ ಬಂದಿದ್ದ ಪ್ರವಾಸಿ ತಂಡದ ಕೆಲವರು ಅಲ್ಲಿನ ಗೈಡ್ ಮೇಲೆ ಕೂಗಾಡಿದರು. ನನಗೆ ಬಹಳ ಬೇಸರವಾಯಿತು. ಕೆ.ಆರ್.ಎಸ್‌ನಿಂದ ಹೊಳೆಗೆ ಜಾಸ್ತಿ ನೀರು ಬಿಟ್ಟಾಗ ರಂಗನತಿಟ್ಟಿನಲ್ಲಿ ದೋಣಿ ವಿಹಾರ ನಿಲ್ಲಿಸುತ್ತಾರೆ. ಕಾವೇರಿ ದಡದಲ್ಲಿ ಬೆಳೆದ ನಮಗೆ ಅದು ಸಹಜ. ನೀರು ಕಡಿಮೆಯಾದ ಮೇಲೆ ಬಂದರಾಯಿತು ಅಂತ ವಾಪಸ್ ಹೋಗುತ್ತೇವೆ. ಅಲ್ಲಿನ ಬಂದರು ಅಧಿಕಾರಿ ಮಾಡಿದ್ದೂ ಅದನ್ನೇ. ಅವರು ನಮ್ಮ ಜೀವ ಕಾಯುತ್ತಿದ್ದರು. ಜನ ರೇಗಿದ್ದು ಯಾಕೆಂದರೆ ಹೀಗೂ ಆಗಬಹುದು ಅಂತ ಅವರಿಗೆ ಯಾರೂ ಹೇಳಿರಲಿಲ್ಲ.

ಆ ನೀರಿನ ಸ್ವಭಾವವನ್ನೂ ಸ್ವಲ್ಪ ಹೇಳಬೇಕು. ಉತ್ತರಕ್ಕೆ ಫ್ಲೋರೆಸ್ ಸಮುದ್ರ, ದಕ್ಷಿಣಕ್ಕೆ ಹಿಂದೂ ಮಹಾಸಾಗರದ ಕಡೆಯ ನೀರು. ನಡುವೆ ದ್ವೀಪಗಳು ಒತ್ತೊತ್ತಾಗಿ ನಿಂತಿವೆ. ಉಬ್ಬರ ಇಳಿತದ ಹೊತ್ತಿಗೆ ಅಷ್ಟೂ ನೀರು ಆ ಇಕ್ಕಟ್ಟಿನ ಸಂದುಗಳಲ್ಲೇ ನುಗ್ಗಬೇಕು. ಮೇಲಿನಿಂದ ಶಾಂತವಾಗಿ ಕಾಣುವ ಕಡೆ ಸುಳಿ ತಿರುಗುತ್ತಿರುತ್ತದೆ. ಈ ಸೆಳೆತವೇ ತಣ್ಣನೆಯ ನೀರನ್ನೂ ಮೀನಿಗೆ ಬೇಕಾದ ಆಹಾರವನ್ನೂ ತರುವುದು. ಹವಳ, ಮಂಟಾ, ಆಮೆ ಎಲ್ಲ ಅಷ್ಟು ಸಮೃದ್ಧವಾಗಿರುವುದು ಅದರಿಂದಲೇ. ಈಜು ಬಾರದವರನ್ನು ಎಳೆದುಕೊಂಡು ಹೋಗುವುದೂ ಅದೇ ಸೆಳೆತ. ಕೆರೆಯಲ್ಲಿ, ಈಜುಕೊಳದಲ್ಲಿ ಈಜು ಕಲಿತವರು ಅಲ್ಲಿ ನನಗೂ ಬರುತ್ತದೆ ಅಂತ ಇಳಿಯಬಾರದು. ಸ್ನಾರ್ಕ್ಲಿಂಗ್ ಅಂದರೆ ಉಸಿರಾಟದ ಕೊಳವೆ ಕಚ್ಚಿಕೊಂಡು ನೀರಿನ ಮೇಲ್ಭಾಗದಲ್ಲೇ ಈಜುತ್ತಾ ಕೆಳಗಿನ ಹವಳ ನೋಡುವುದು. ನಮ್ಮ ಕರಪತ್ರದಲ್ಲಿ ಇದ್ದದ್ದು 'ಸ್ನಾರ್ಕ್ಲಿಂಗ್, ಎಲ್ಲ ವಯಸ್ಸಿನವರಿಗೂ' ಅನ್ನುವ ಒಂದೇ ಸಾಲು.

ದೋಣಿ ಹತ್ತಿದ ಮೇಲೆ ಅತ್ತಿಗೆ ಮೊದಲು ಕೇಳಿದ್ದು ಲೈಫ್ ಜಾಕೆಟ್. ಮೇಲಿನ ಅಂತಸ್ತಿನಲ್ಲಿ ಒಂದು ಮರದ ಪೆಟ್ಟಿಗೆಯಲ್ಲಿ ಇಟ್ಟಿದ್ದರು. ಪೆಟ್ಟಿಗೆಯ ಮೇಲೆ ಹಗ್ಗ, ಚೀಲ, ಕುರ್ಚಿ ಪೇರಿಸಿದ್ದರು. ಮಕ್ಕಳ ಅಳತೆಯದ್ದು ಇರಲಿಲ್ಲ. ಹೇಗೆ ಕಟ್ಟಿಕೊಳ್ಳಬೇಕು, ಅಪಾಯ ಆದರೆ ಎಲ್ಲಿ ಸೇರಬೇಕು ಅಂತ ಯಾರೂ ತೋರಿಸಲಿಲ್ಲ. ನಮ್ಮ ಕ್ಯಾಬಿನ್ ಕೆಳಗೆ, ದೋಣಿಯ ಹೊಟ್ಟೆಯಲ್ಲಿ. ಮೇಲೆ ಬರಲು ಒಂದೇ ಕಡಿದಾದ ಏಣಿ. ಅಣ್ಣ ಎರಡನೇ ದಾರಿ ಎಲ್ಲಿ ಅಂತ ಕೇಳಿದ. ಗೈಡ್ ನಕ್ಕು ಸುಮ್ಮನಾದ.

2019ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ಕರಾವಳಿಯಲ್ಲಿ ಹೀಗೇ ಹಲವು ದಿನಗಳ ಪ್ರವಾಸಕ್ಕೆ ಹೋಗಿದ್ದ ಒಂದು ದೋಣಿಗೆ ರಾತ್ರಿ ಬೆಂಕಿ ಬಿತ್ತು. ಕೆಳಗಿನ ಅಂತಸ್ತಿನಲ್ಲಿ ಮಲಗಿದ್ದ 34 ಜನ ಹೊರಗೆ ಬರಲಾಗದೆ ಸತ್ತರು. ರಾತ್ರಿ ಎದ್ದು ಕಾವಲು ತಿರುಗುವವರು ಯಾರೂ ಇರಲಿಲ್ಲ ಅನ್ನುವುದು ಆಮೇಲೆ ತನಿಖೆಯಲ್ಲಿ ಗೊತ್ತಾಯಿತು. ಕೊಮೊಡೊ ಕಡೆಯದ್ದೇ ಬೇಕೆಂದರೆ, 2014ರ ಆಗಸ್ಟ್‌ನಲ್ಲಿ ಲೊಂಬೊಕ್‌ನಿಂದ ಕೊಮೊಡೊಗೆ ಹೊರಟಿದ್ದ ಪ್ರವಾಸಿ ದೋಣಿ ಮುಳುಗಿತು. 25 ಜನ ಇದ್ದರು. 23 ಜನರನ್ನು ಉಳಿಸಿದರು.

ದೂರದ ಮಾತು ಯಾಕೆ? 2009ರ ಸೆಪ್ಟೆಂಬರ್ 30ರಂದು ಕೇರಳದ ತೇಕ್ಕಡಿಯಲ್ಲಿ, ಕಾಡುಪ್ರಾಣಿ ನೋಡಲು ಹೋದ ದೋಣಿಯೇ ಮಗುಚಿ 45 ಜನ ಸತ್ತರು. ದಡದ ಪ್ರಾಣಿ ನೋಡಲು ಜನ ಒಂದೇ ಪಕ್ಕಕ್ಕೆ ವಾಲಿದ್ದರು ಅನ್ನುವುದು ಆಗ ಎಲ್ಲ ಪತ್ರಿಕೆಯಲ್ಲೂ ಬಂದಿತ್ತು. 2019ರ ಜನವರಿ 21ರಂದು ನಮ್ಮದೇ ಕಾರವಾರದಲ್ಲಿ, ಕೂರ್ಮಗಡ ಜಾತ್ರೆಯ ದೋಣಿ ಮುಳುಗಿ 16 ಜನ ಹೋದರು. ಹಿಡಿಸುವುದಕ್ಕಿಂತ ಜಾಸ್ತಿ ಜನರನ್ನು ಹತ್ತಿಸಿದ್ದರು. ಇವು ಯಾವುವೂ ವಿಧಿ ತಂದ ಸಾವಲ್ಲ. ಯಾರೋ ಒಬ್ಬರು ಒಂದು ಮಾತು ಗಟ್ಟಿಯಾಗಿ ಹೇಳಿದ್ದರೆ ಬಹಳ ಜನ ಇವತ್ತು ಮನೆಯಲ್ಲಿರುತ್ತಿದ್ದರು. ದೋಣಿಯಲ್ಲಿ ಆ ಮಾತು ಹೇಳಬೇಕಾದವನು ಚಾಲಕ. ಅದಕ್ಕೂ ಮೊದಲು, ಕನ್ನಡದಲ್ಲಿ, ನಮ್ಮ ಎದುರು ಕೂತು ಹೇಳಬೇಕಾದವರು ನೀವು.

ನಮ್ಮ ದೋಣಿಯ ಕ್ಯಾಪ್ಟನ್ ಒಳ್ಳೆಯವರು. ಅದನ್ನು ಹೇಳದೆ ಹೋದರೆ ನ್ಯಾಯವಲ್ಲ. ರಾತ್ರಿ ಗಾಳಿ ಎದ್ದಾಗ ದ್ವೀಪದ ಮರೆಗೆ ದೋಣಿ ತಂದು ಲಂಗರು ಹಾಕಿದರು. ಅಮ್ಮ ವಾಂತಿ ಮಾಡಿ ಸುಸ್ತಾಗಿದ್ದಾಗ ಅವರ ಹುಡುಗರೇ ಶುಂಠಿ ಹಾಕಿದ ಬಿಸಿ ನೀರು ತಂದುಕೊಟ್ಟರು, ನಡುಭಾಗದಲ್ಲಿ ಚಾಪೆ ಹಾಸಿ ಮಲಗಿಸಿದರು. ದೋಣಿಯ ಮೂತಿ, ಬಾಲ ಓಲಾಡುವಷ್ಟು ನಡು ಓಲಾಡುವುದಿಲ್ಲ ಅನ್ನುವುದನ್ನು ಅವರಿಂದಲೇ ತಿಳಿದೆವು. ನನ್ನ ದೂರು ಆ ಹುಡುಗರ ಮೇಲಲ್ಲ. ಊಟದ ವಿಷಯದಲ್ಲೂ ಅವರದು ತಪ್ಪಿಲ್ಲ. ಇಲ್ಲಿ 'ಶುದ್ಧ ಸಸ್ಯಾಹಾರ, ಸೌತ್ ಇಂಡಿಯನ್' ಅಂತ ಬರೆದುಕೊಟ್ಟಿದ್ದು ಅವರಿಗೆ ತಲುಪಿರಲೇ ಇಲ್ಲ. ಅಲ್ಲಿನ ಸಂಬಾಲ್ ಚಟ್ನಿಗೆ ಸಾಮಾನ್ಯವಾಗಿ ಒಣ ಸಿಗಡಿಯ ಪೇಸ್ಟ್ ಹಾಕುತ್ತಾರೆ. ಅದು ಗೊತ್ತಾದ ಮೇಲೆ ಅಮ್ಮ ಅನ್ನ, ಬಾಳೆಹಣ್ಣಿನಲ್ಲೇ ದಿನ ಕಳೆದರು.

ಇನ್ನು ದ್ವೀಪದ ವಿಷಯ. ಕೊಮೊಡೊ ಡ್ರ್ಯಾಗನ್ ನಮ್ಮ ಹೊಲದ ಬದುವಿನಲ್ಲಿ ಕಾಣುವ ಉಡದ ಕುಲದ್ದೇ ಪ್ರಾಣಿ. ಆದರೆ ಮೂರು ಮೀಟರ್ ಉದ್ದ, ಎಪ್ಪತ್ತು ಕಿಲೋ ತೂಕಕ್ಕೆ ಬೆಳೆಯುತ್ತದೆ. ಜಿಂಕೆ, ಕಾಡುಹಂದಿ ಮಾತ್ರವಲ್ಲ, ಎಮ್ಮೆಯನ್ನೂ ಕೆಡವುತ್ತದೆ. ಅದರ ಬಾಯಲ್ಲಿ ವಿಷದ ಗ್ರಂಥಿ ಇರುವುದನ್ನು ವಿಜ್ಞಾನಿಗಳು 2009ರಲ್ಲಿ ತೋರಿಸಿದರು. ಮರಿಗಳು ಮೊದಲ ಕೆಲವು ವರ್ಷ ಹೆಚ್ಚಾಗಿ ಮರದ ಮೇಲೆಯೇ ಇರುತ್ತವೆ, ಯಾಕೆಂದರೆ ದೊಡ್ಡ ಡ್ರ್ಯಾಗನ್‌ಗಳು ಅವನ್ನೂ ತಿನ್ನುತ್ತವೆ. ಹೆಣ್ಣು ಅನೇಕ ಸಲ ಒಂದು ಜಾತಿಯ ನೆಲಹಕ್ಕಿ ಕಟ್ಟಿ ಬಿಟ್ಟುಹೋದ ಮಣ್ಣಿನ ಗುಡ್ಡೆಯಲ್ಲಿ ಮೊಟ್ಟೆ ಇಡುತ್ತದೆ. ರಿಂಚಾದಲ್ಲಿ ಅಂಥ ಒಂದು ಗುಡ್ಡೆಯನ್ನು ರೇಂಜರ್ ತೋರಿಸಿದಾಗ ನಮ್ಮ ಹುಡುಗ ಮಾತೇ ಆಡದೆ ನಿಂತುಬಿಟ್ಟಿದ್ದ. 2021ರಿಂದ ಈ ಪ್ರಾಣಿ ಅಳಿವಿನಂಚಿನ ಪಟ್ಟಿಯಲ್ಲಿದೆ. ಕಡಲ ಮಟ್ಟ ಏರಿದರೆ ಅವು ಓಡಾಡುವ ತಗ್ಗು ಕಣಿವೆಗಳು ಕುಗ್ಗುತ್ತವೆ. ಬೇರೆ ಕಡೆ ಹೋಗೋಣ ಅಂದರೆ ಸುತ್ತ ಸಮುದ್ರ.

ಅಂಥ ಕಡೆ ರೇಂಜರ್ ಇಲ್ಲದೆ ಯಾರೂ ನಡೆಯುವ ಹಾಗಿಲ್ಲ. ರೇಂಜರ್ ಕೈಯಲ್ಲಿ ಕವಲೊಡೆದ ಒಂದು ಉದ್ದ ಕೋಲು, ಅಷ್ಟೆ. ಗುಂಪು ಬಿಡಬೇಡಿ, ಓಡಬೇಡಿ, ಕೂಗಬೇಡಿ ಅನ್ನುತ್ತಾರೆ. ಗಾಯ ಇದ್ದವರು, ಮುಟ್ಟಾಗಿರುವ ಹೆಂಗಸರು ಮೊದಲೇ ತಿಳಿಸಬೇಕು ಅನ್ನುತ್ತಾರೆ, ಯಾಕೆಂದರೆ ಡ್ರ್ಯಾಗನ್ ರಕ್ತದ ವಾಸನೆಯನ್ನು ದೂರದಿಂದಲೇ ಹಿಡಿಯುತ್ತದೆ. ಈ ಪ್ರಶ್ನೆಯನ್ನು ಎಲ್ಲರ ಎದುರು ಕೇಳಿದಾಗ ನಮ್ಮ ತಂಡದ ಹೆಣ್ಣುಮಕ್ಕಳು ತಲೆ ತಗ್ಗಿಸಿದರು. ಯಾರೂ ಉತ್ತರ ಕೊಡಲಿಲ್ಲ. ಇದು ಜೀವದ ಪ್ರಶ್ನೆ. ಮೈಸೂರಿನಲ್ಲೇ ಏಜೆನ್ಸಿಯ ಒಬ್ಬ ಹೆಣ್ಣುಮಗಳು ಪಕ್ಕಕ್ಕೆ ಕರೆದು ಹೇಳಿದ್ದರೆ ಸಾಕಿತ್ತು. ಅದಕ್ಕೆ ಒಂದು ಪೈಸೆ ಖರ್ಚಿಲ್ಲ.

ನಮ್ಮವರು ಅಲ್ಲಿ ನಡೆದುಕೊಂಡ ರೀತಿಯನ್ನೂ ಮುಚ್ಚಿಡುವುದಿಲ್ಲ. ಇಬ್ಬರು ಹುಡುಗರು ಸೆಲ್ಫಿಗಾಗಿ ರೇಂಜರ್‌ನನ್ನು ದಾಟಿ ಮುಂದೆ ಹೋದರು. ಒಬ್ಬರು ಜಿಂಕೆಗೆ ಚಿಪ್ಸ್ ಎಸೆದರು. ರೇಂಜರ್ ಗದರಿದಾಗ "ದುಡ್ಡು ಕೊಟ್ಟು ಬಂದಿದ್ದೀವಿ" ಅಂತ ವಾದ ಮಾಡಿದರು. 2017ರಲ್ಲಿ ಸಿಂಗಾಪುರದ ಒಬ್ಬ ಪ್ರವಾಸಿ ಫೋಟೋಗಾಗಿ ತೀರಾ ಹತ್ತಿರ ಹೋಗಿ ಕಾಲಿಗೆ ಕಚ್ಚಿಸಿಕೊಂಡಿದ್ದ. ರಂಗನತಿಟ್ಟಿನಲ್ಲಿ ಬಂಡೆಯ ಮೇಲೆ ಮೊಸಳೆ ಮಲಗಿದ್ದಾಗ ನಮ್ಮ ಅಂಬಿಗರು ಹುಟ್ಟು ನಿಲ್ಲಿಸಿ, ಕೈ ಹೊರಗೆ ಹಾಕಬೇಡಿ ಅನ್ನುತ್ತಾರೆ. ನಾವು ಕೇಳುತ್ತೇವೆ. 1940ರಿಂದ ಆ ಹಕ್ಕಿಗಳನ್ನು ಕಾಪಾಡಿಕೊಂಡು ಬಂದ ಜಿಲ್ಲೆಯ ಜನ ನಾವು. ಪರದೇಶದ ಕಾಡಿನಲ್ಲಿ ಆ ಮರ್ಯಾದೆ ಎಲ್ಲಿ ಹೋಗುತ್ತದೆ?

ದುಡ್ಡಿನ ವಿಷಯ ಚಿಕ್ಕದಾಗಿ ಹೇಳುತ್ತೇನೆ. 'ಎಲ್ಲ ಸೇರಿ' ಅಂದಿದ್ದ ಪ್ಯಾಕೇಜಿನಲ್ಲಿ ಉದ್ಯಾನದ ಪ್ರವೇಶ ಶುಲ್ಕ, ರೇಂಜರ್ ಶುಲ್ಕ ಸೇರಿರಲಿಲ್ಲ. ಅಲ್ಲಿನ ಹಣವಾದ ರುಪಿಯಾದಲ್ಲಿ ನಗದು ಕೊಟ್ಟೆವು. ಆ ಶುಲ್ಕಗಳು ಆಗಾಗ ಬದಲಾಗುತ್ತವೆ. 2022ರಲ್ಲಂತೂ ಅಲ್ಲಿನ ಸರ್ಕಾರ ಪ್ರವೇಶಕ್ಕೆ 37.5 ಲಕ್ಷ ರುಪಿಯಾ ಅಂತ ಘೋಷಿಸಿತ್ತು, ಸ್ಥಳೀಯ ಪ್ರವಾಸೋದ್ಯಮದವರು ಮುಷ್ಕರ ಹೂಡಿದರು, ಕೊನೆಗೆ ಅದನ್ನು ಕೈಬಿಟ್ಟರು. ಹಾಗಾಗಿ ಹೊರಡುವ ವಾರದ ದರ ಎಷ್ಟು ಅಂತ ವಿಚಾರಿಸಿ ಹೇಳುವುದು ನಿಮ್ಮ ಕೆಲಸ. ವಿದೇಶ ಪ್ಯಾಕೇಜಿನ ಮೇಲೆ ನೀವು ಹಿಡಿಯುವ ಟಿಸಿಎಸ್ (ಮೂಲದಲ್ಲೇ ಸಂಗ್ರಹಿಸುವ) ತೆರಿಗೆಯನ್ನು ಆದಾಯ ತೆರಿಗೆ ರಿಟರ್ನ್‌ನಲ್ಲಿ ಹೊಂದಿಸಿಕೊಳ್ಳಬಹುದು, ಹೆಚ್ಚಾಗಿದ್ದರೆ ವಾಪಸ್ ಪಡೆಯಬಹುದು ಅಂತ ಅಣ್ಣನಿಗೆ ಆಡಿಟರ್ ಹೇಳಬೇಕಾಯಿತು. ನೀವೇ ಹೇಳಬಹುದಿತ್ತು.

ಆದ್ದರಿಂದ ನಿಮ್ಮಲ್ಲಿ ನನ್ನ ವಿನಂತಿ ಇದು. ದೋಣಿಯಲ್ಲಿ ರಾತ್ರಿ ಕಳೆಯುವ ಯಾವ ಪ್ಯಾಕೇಜ್ ಮಾರಿದರೂ, ಮುಂಗಡ ತೆಗೆದುಕೊಳ್ಳುವ ಮೊದಲು ಆ ದೋಣಿಯ ಹೆಸರು ಮತ್ತು ಅದರದೇ ಫೋಟೋ ಕೊಡಿ. ಎಷ್ಟು ಜನ ಹತ್ತಬಹುದು, ಲೈಫ್ ಜಾಕೆಟ್ ಎಷ್ಟಿವೆ, ಮಕ್ಕಳದ್ದು ಇದೆಯಾ, ಕೆಳಗಿನ ಕ್ಯಾಬಿನ್‌ಗೆ ಎರಡನೇ ದಾರಿ ಇದೆಯಾ, ರಾತ್ರಿ ಯಾರು ಎದ್ದಿರುತ್ತಾರೆ, ಇದನ್ನು ಅಲ್ಲಿನವರಿಂದ ಬರೆಸಿ ತರಿಸಿ. ಉತ್ತರ ಬರದ ದೋಣಿಯನ್ನು ಮಾರಬೇಡಿ. ಹೋಗುವ ತಿಂಗಳಿನ ಮಳೆ, ಗಾಳಿಯ ವಿಷಯ ಕನ್ನಡದಲ್ಲಿ ಬರೆದು ಕೊಡಿ. ಬಂದರು ಮುಚ್ಚಿದರೆ ದುಡ್ಡು ಎಷ್ಟು ವಾಪಸ್, ಹೋಟೆಲ್ ಖರ್ಚು ಯಾರದು ಅನ್ನುವುದು ರಸೀದಿಯ ಹಿಂದೆ ಇರುವೆ ಗಾತ್ರದ ಇಂಗ್ಲಿಷ್ ಅಕ್ಷರದಲ್ಲಿ ಇದ್ದರೆ ಸಾಲದು, ಓದಿ ಹೇಳಿ. ವಯಸ್ಸಾದವರು, ಬಿ.ಪಿ., ಹೃದಯದ ತೊಂದರೆ ಇರುವವರು ಬಂದರೆ ವೈದ್ಯರನ್ನು ಕೇಳಿಕೊಂಡು ಬನ್ನಿ ಅನ್ನಿ. ಅಂಥವರಿಗೆ ಲಬುವಾನ್ ಬಾಜೊದಲ್ಲೇ ಉಳಿದು ಹಗಲು ಮಾತ್ರ ದೋಣಿಯಲ್ಲಿ ಹೋಗಿ ಬರುವ ದಾರಿಯೂ ಇದೆ ಅಂತ ತಿಳಿಸಿ. ಹಾಗೆ ಹೋದರೂ ಡ್ರ್ಯಾಗನ್ ನೋಡಬಹುದು. ನಿಮಗೆ ಕಮಿಷನ್ ಸ್ವಲ್ಪ ಕಡಿಮೆ ಆಗಬಹುದು.

ಹೊರಡುವ ಮೊದಲು ಒಂದು ಸಂಜೆ ಎಲ್ಲರನ್ನೂ ಕೂರಿಸಿ ಮಾತಾಡಿ. ಕಾಡಿನ ನಿಯಮ, ನೀರಿನ ಸೆಳೆತ, ಲೈಫ್ ಜಾಕೆಟ್ ಕಟ್ಟುವ ರೀತಿ. ನಿಮ್ಮ ಆಫೀಸಿನಲ್ಲಿ ಒಂದು ಜಾಕೆಟ್ ಇಟ್ಟುಕೊಂಡು ತೋರಿಸಿದರೆ ಎಷ್ಟು ಹೊತ್ತು ಹಿಡಿಯುತ್ತದೆ?

ಎರಡೂ ಜಿಲ್ಲೆಗಳ ಪ್ರವಾಸೋದ್ಯಮ ಇಲಾಖೆಯ ಅಧಿಕಾರಿಗಳಲ್ಲೂ ಒಂದು ಕೋರಿಕೆ. ನೀವು ಒಮ್ಮೆ ಈ ಏಜೆನ್ಸಿಗಳ ಸಭೆ ಕರೆಯಿರಿ. ಜಲವಿಹಾರದ ಪ್ಯಾಕೇಜ್ ಮಾರುವವರು ಗ್ರಾಹಕರಿಗೆ ಕೊಡಲೇಬೇಕಾದ ಮಾಹಿತಿಯ ಒಂದು ಕನ್ನಡ ನಮೂನೆ ಮಾಡಿಸಿ. ವಿದೇಶದ ದೋಣಿಗಳ ಮೇಲೆ ನಿಮಗೆ ಅಧಿಕಾರ ಇಲ್ಲ ಅನ್ನುವುದು ನಿಜ. ಆದರೆ ವ್ಯವಹಾರ ನಡೆಯುವುದು ನಮ್ಮ ಊರಿನ ಅಂಗಡಿಯಲ್ಲಿ, ನಮ್ಮ ದುಡ್ಡಿನಲ್ಲಿ.

ಇದನ್ನು ಓದುತ್ತಿರುವ, ಟಿಕೆಟ್ ಬುಕ್ ಮಾಡಲು ಹೊರಟಿರುವ ಅಣ್ಣಂದಿರೇ, ಅಕ್ಕಂದಿರೇ, ಏಜೆನ್ಸಿಯವರು ಹೇಳದಿದ್ದರೆ ನೀವು ಕೇಳಿ. ಉತ್ತರವನ್ನು ಬರಹದಲ್ಲಿ ಪಡೆಯಿರಿ. ತೋರಿಸಿದ್ದು ಒಂದು, ಕೊಟ್ಟಿದ್ದು ಇನ್ನೊಂದು ಆದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ನಿಮ್ಮ ಜೊತೆ ಇದೆ. ದಾರಿ ತಪ್ಪಿಸುವ ಜಾಹೀರಾತು ಅದರ ಪ್ರಕಾರ ತಪ್ಪು. 1915 ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಮೈಸೂರು, ಮಂಡ್ಯ ಎರಡೂ ಕಡೆ ಜಿಲ್ಲಾ ಗ್ರಾಹಕ ಆಯೋಗ ಇದೆ. ಕರಪತ್ರ, ರಸೀದಿ, ವಾಟ್ಸಾಪ್ ಮೆಸೇಜ್ ಯಾವುದನ್ನೂ ಅಳಿಸಬೇಡಿ.

ಏಜೆನ್ಸಿಯ ಮಾಲೀಕರೇ, ನಿಮ್ಮಲ್ಲಿ ಅನೇಕರು ನಮ್ಮ ಊರಿನವರೇ, ಪರಿಚಯದವರೇ. ನಮ್ಮ ತಂದೆ ತಾಯಂದಿರ ಕಾಶಿ, ರಾಮೇಶ್ವರ ಯಾತ್ರೆಯನ್ನು ಜವಾಬ್ದಾರಿಯಿಂದ ಮಾಡಿಸಿದವರು ನಿಮ್ಮಲ್ಲೂ ಇದ್ದೀರಿ. ಮುಂದಿನ ಬೇಸಿಗೆ ರಜೆಯ ಬುಕಿಂಗ್ ಶುರುವಾಗುವ ಮೊದಲು ನಿಮ್ಮ ಕರಪತ್ರ ತಿದ್ದಿ. ಯಾರು ತಿದ್ದಿದಿರಿ ಅಂತ ನಾನೇ ಬಂದು ನೋಡುತ್ತೇನೆ. ತಿದ್ದಿದವರ ಹೆಸರನ್ನು ನನ್ನ ಬಂಧುಗಳಿಗೆಲ್ಲ ಸಂತೋಷದಿಂದ ಹೇಳುತ್ತೇನೆ.

ಇಂತಿ ನಿಮ್ಮ ವಿಶ್ವಾಸಿ,
ಮಂಡ್ಯದ ಒಬ್ಬ ಪ್ರವಾಸಿ